ಹಸಿರು ಕಲ್ಲಿಗೆ ನಿಂಬೆಹುಳಿ ಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ತಂಗಿ ಹೋದ ತಿಂಗಳು ಇಲ್ಲೇ ಪುಣೆದಾಗ ಒಂದು ಎಕ್ಸಿಬಿಷನ್‌ನಿಂದ ಮ್ಯಾಲಕೈಟ್ ಪೆಂಡೆಂಟ್ ತಂದ್ಳು, ದಟ್ಟ ಹಸಿರು, ಭಾಳ ಚಂದ ಇತ್ತು. ಮಾರಿದಾಂವ ವಾರಕ್ಕೊಮ್ಮೆ ನಿಂಬೆಹಣ್ಣಿನ ನೀರಾಗ ಇಡ್ರಿ, ಆ ನೀರು ಕುಡೀರಿ, ಮೈಗೆ ಒಳ್ಳೇದು ಅಂದಿದ್ದನಂತ. ಆಕಿ ನಂಬಿ ಇಟ್ಟಾಳ. ನಾ ಹೋಗಿ ನೋಡೋದ್ರಾಗ ಕಲ್ಲಿನ ಮ್ಯಾಲೆ ಸಾಸಿವಿಗಿಂತ ಸಣ್ಣ ಗುಳ್ಳಿ ಅಂಟಿಕೊಂಡಿದ್ವು, ತೆಗೆದು ಒರೆಸಿದ್ರ ಕನ್ನಡಿ ಹಂಗ ಹೊಳೀತಿದ್ದ ಮೈ ಮಬ್ಬಾಗಿತ್ತು. ನೀರು ಚೆಲ್ಲಿಸಿದೆ, ಪುಣ್ಯಕ್ಕ ಇನ್ನೂ ಕುಡಿದಿರಲಿಲ್ಲ.

ಮ್ಯಾಲಕೈಟ್ ಅಂದ್ರ ತಾಮ್ರದ ಕಾರ್ಬೊನೇಟ್, ಜೊತಿಗೆ ಹೈಡ್ರಾಕ್ಸೈಡ್ ಕೂಡಿರ್ತದ, ತೂಕದಾಗ ಸುಮಾರು 57% ತಾಮ್ರನ. ಹುಳಿ ತಾಗಿತಂದ್ರ ಕಾರ್ಬನ್ ಡೈಆಕ್ಸೈಡ್ ಗುಳ್ಳಿ ಬಿಟ್ಟು ಕರಗತದ, ತಾಮ್ರ ನೀರಿಗೆ ಇಳೀತದ, ಅದು ಹೆಚ್ಚಾದ್ರ ವಾಂತಿ, ಹೊಟ್ಟಿನೋವು. ನಮ್ಮವ್ವ ಹಂಡೆಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಿ ಕಿಲುಬು ತೆಗೀತಿದ್ಳಲ್ಲ, ಅದೇ ಲೆಕ್ಕ, ಆ ಹಸಿರು ಕಿಲುಬಿನಾಗೂ ಇದೇ ಜಾತಿ ಕಾರ್ಬೊನೇಟ್ ಇರ್ತದ. ಕಿಲುಬು ಹಿಡಿದ ತಂಬಿಗಿ ನೀರು ಮುಟ್ಟಬ್ಯಾಡ ಅಂತ ಬೈಸಿಕೊಂಡು ಬೆಳೆದವರು ನಾವು, ಈ ನೀರು ಹೆಂಗ ಕುಡಿಯೋದ್ರಿ?

ಹಂಗಂತ ಕಲ್ಲಿಂದೇನು ತಪ್ಪಿಲ್ಲ. ನೆಲದ ಮ್ಯಾಲಿನ ಪದರಿನಾಗ ತಾಮ್ರದ ಅದಿರು ಮಳಿನೀರಿಗೆ, ಗಾಳಿಗೆ ಸಿಕ್ಕು ಕರಗಿ, ಬಂಡೆಗಲ್ಲಿನ ಬಿರುಕಿನಾಗ ಪದರು ಪದರಾಗಿ ಕೂತಿರ್ತದ, ಒಂದು ಪದರು ಕಡುಹಸಿರು ಮುಂದಿಂದು ತಿಳಿಹಸಿರು, ಅದನ್ನ ಕೊಯ್ದು ಪಾಲಿಶ್ ಮಾಡಿದ್ರ ಉಳ್ಳಾಗಡ್ಡಿ ಅಡ್ಡ ಹೆಚ್ಚಿದಂಗ ಉಂಗುರ ಉಂಗುರ ಕಾಣ್ತಾವ. ಬಣ್ಣ ತಾಮ್ರದ್ದೇ, ಪುಡಿ ಮಾಡಿದ್ರೂ ಹಸಿರನ. ನೀಲಿ ಅಜುರೈಟ್ ಸೈತ ತಾಮ್ರದ ಕಾರ್ಬೊನೇಟೇ, ಪ್ರಮಾಣ ಅಷ್ಟೇ ಬ್ಯಾರೆ, ಕಾಲ ಹೋದಂಗ ಅದು ಮ್ಯಾಲಕೈಟ್ ಆಗ್ತದ, ಹಿಂಗಾಗಿ ಎಷ್ಟೋ ಕಲ್ಲಿನಾಗ ನಟ್ಟನಡುವ ಕಡುನೀಲಿ, ಸುತ್ತ ಹಸಿರು ಅಂಚು, ಇಳಕಲ್ ಸೀರಿ ದಡಿ ಹಂಗ. ನನಗಂತೂ ಅದರಷ್ಟು ಚಂದದ ಕಲ್ಲು ಬ್ಯಾರೆ ಇಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅರಮನಿಯೊಳಗ 1830ರ ದಶಕದಾಗ ಒಂದು ಇಡೀ ಕೋಣಿಯ ಕಂಬಗಳಿಗೆ ಉರಲ್ ಬೆಟ್ಟದ ಮ್ಯಾಲಕೈಟ್‌ನ ತೆಳ್ಳನ ಬಿಲ್ಲಿ ಕೂಡಿಸಿ ಕೂಡಿಸಿ ಹೊದಿಸ್ಯಾರ.

ಇನ್ನೊಂದು ಮಾತು. ನಮ್ಮ ಪುಣೆ ಹತ್ತರ ವಾಘೋಲಿ ಕಲ್ಲುಗಣಿಯೊಳಗ ಸಿಗೋ ನೀಲಿ ಕ್ಯಾವನ್ಸೈಟ್ ಜಗತ್ತಿಗೇ ಹೆಸರುವಾಸಿ, ಆದ್ರ ಅದರ ನೀಲಿ ವನೇಡಿಯಂ ಅನ್ನೋ ಬ್ಯಾರೆ ಲೋಹದ್ದು, ತಾಮ್ರದ್ದಲ್ಲ. ಪೆಂಡೆಂಟ್ ಮಾರಿದ ಅದೇ ಸ್ಟಾಲ್‌ನಾಗ ಮ್ಯಾಲಕೈಟ್, ಕ್ಯಾವನ್ಸೈಟ್ ಎರಡನ್ನೂ ತಾಮ್ರದ ಕಲ್ಲು ಅಂತ ಮಾರೋದು ಕಣ್ಣಾರೆ ನೋಡೇನಿ. ಪ್ಲಾಸ್ಟಿಕ್‌ನ ನಕಲಿ ಮ್ಯಾಲಕೈಟೂ ಬರ್ತಾವ, ಹಗೂರ ಇರ್ತಾವ, ಕೈಯಾಗ ಹಿಡಿದ್ರ ಲಗೂನ ಬೆಚ್ಚಗಾಗ್ತಾವ, ಖರೇ ಕಲ್ಲು ತಣ್ಣಗ, ಭಾರ.

ಮ್ಯಾಲಕೈಟ್, ಅಜುರೈಟ್ ಎರಡೂ ಮೆತ್ತನ ಕಲ್ಲು, ಕಲ್ಲಿನ ಗಡಸುತನ ಹೇಳೋ ಮೋಸ್ ಅನ್ನೋ ಅಳತಿಯೊಳಗ 10ಕ್ಕ 3.5ರಿಂದ 4, ಚಾಕು ತಾಗಿದ್ರೂ ಗೀರು ಬೀಳ್ತದ. ಸೆಂಟು, ಹುಳಿ, ಸೋಪು ತಾಗಿಸಬ್ಯಾಡ್ರಿ, ಒದ್ದಿ ಬಟ್ಟಿಲೆ ಒರೆಸಿ ಅರಬಿಯೊಳಗ ಸುತ್ತಿ ಇಡ್ರಿ ಸಾಕು. ಎಕ್ಸಿಬಿಷನ್ ನಡೆಸೋರಿಗೆ ನನ್ನ ಕೈಮುಗಿದ ವಿನಂತಿ, ಪ್ರತಿ ಕಲ್ಲಿನ ಮುಂದ ಅದರ ಹೆಸರು, ಅದು ಖರೇದೋ ಮಾಡಿದ್ದೋ, ನೀರಾಗ ಇಡಬಾರದು ಅನ್ನೋದು, ಇಷ್ಟು ಒಂದು ಚೀಟಿಯೊಳಗ ಬರಿಸಿ ಹಚ್ಚಿಸ್ರಿ.

ನಿಮ್ಮ ಓದುಗ
ಪುಣೆ