ಆಚಾರ್ರ ಕೈ ಜಾರಿರಲಿಲ್ಲ, ಅಪ್ಪಾಜಿ

ಮಿಲ್ವಾಕಿ, ಅಮೆರಿಕ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಪುಟ್ಟಿ ಮಾಡುವ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿರುತ್ತದೆ. ಅಮ್ಮನ ಮಂಡಿನೋವು ಕಡಿಮೆಯಾಯಿತಾ? ಹಾಸನಾಂಬೆಯ ಬಾಗಿಲು ತೆಗೆದಾಗ ಈ ಸಲ ಸಾಲಿನಲ್ಲಿ ಬಹಳ ಹೊತ್ತು ನಿಂತಳಂತೆ. ಮುಂದಿನ ವರ್ಷ ಹಾಗೆ ನಿಲ್ಲಿಸಬೇಡಿ.

ಮೊದಲು ಒಂದು ಮಾತು. ಮನೆಗೆ ಬಣ್ಣ ಹೊಡೆಸೋಕೆ ಅಂತ ಅಟ್ಟ ಖಾಲಿ ಮಾಡುತ್ತಿದ್ದೀರಂತೆ. ನಮ್ಮ ಹಳೇ ಪ್ರೆಸ್ಸಿನ ಮರದ ಅಕ್ಷರಗಳ ಪೆಟ್ಟಿಗೆ ಸಿಕ್ಕಿತು, "ಹಂಡೆ ಒಲೆಗೆ ಹಾಕಿಬಿಡ್ಲಾ" ಅಂತ ಅಮ್ಮ ಕೇಳಿದಳು. ಬೇಡ ಅಪ್ಪಾಜಿ. ಒಂದು ಚೂರೂ ಒಲೆಗೆ ಹೋಗಬಾರದು. ಗೆದ್ದಲು ತಿಂದದ್ದಿದ್ದರೂ ಇರಲಿ. ಸೀಸದ ಅಚ್ಚುಮೊಳೆಗಳನ್ನು ತೂಕಕ್ಕೆ ಹಾಕಿದ ದಿನ ನೀವು ಊಟ ಮಾಡಿರಲಿಲ್ಲ, ನನಗೆ ನೆನಪಿದೆ. ಉಳಿದಿರುವುದು ಈ ಪೆಟ್ಟಿಗೆ ಒಂದೇ. ಯಾಕೆ ಇಷ್ಟು ಹಟ ಮಾಡುತ್ತಿದ್ದೇನೆ ಅಂತ ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ನೀವು ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ.

ಮೂರು ತಿಂಗಳಿಂದ ನಾನು ಶನಿವಾರ ಶನಿವಾರ ಇಲ್ಲೊಂದು ಚಿಕ್ಕ ಅಚ್ಚುಕೂಟಕ್ಕೆ ಹೋಗುತ್ತಿದ್ದೇನೆ. ಮರದ ಅಕ್ಷರಗಳನ್ನು ಕೈಯಲ್ಲೇ ಕೆತ್ತುವುದನ್ನು ಕಲಿಸುತ್ತಾರೆ. ಕಲಿಸುವವರಿಗೆ ನಿಮ್ಮಷ್ಟೇ ವಯಸ್ಸು. ಅಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚುಯಂತ್ರ ಇದೆ. ಒಳಗೆ ಕಾಲಿಟ್ಟ ತಕ್ಷಣ ಶಾಯಿ, ಸೀಮೆಎಣ್ಣೆ ವಾಸನೆ. ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ನಮ್ಮ ಅಂಗಡಿಯೇ ಅನ್ನಿಸಿತು. ಆವತ್ತು ನಾನು ಸುಮಾರು ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ಇಲ್ಲಿಂದ ಉತ್ತರಕ್ಕೆ, ಮಿಶಿಗನ್ ಸರೋವರದ ದಡದ ಮೇಲೆ ಟೂ ರಿವರ್ಸ್ ಅಂತ ಚಿಕ್ಕ ಊರಿದೆ. ಅಲ್ಲಿ ಮರದ ಅಕ್ಷರಗಳದ್ದೇ ಒಂದು ಮ್ಯೂಸಿಯಂ ಇದೆ, ಹ್ಯಾಮಿಲ್ಟನ್ ಅಂತ. ಹೋದ ತಿಂಗಳು ನೋಡಿ ಬಂದೆ. ಮರದ ಮೊಳೆಯನ್ನು ಯಂತ್ರದಿಂದ ಮಾಡುವ ದಾರಿ ತೋರಿಸಿದ್ದು ನ್ಯೂಯಾರ್ಕಿನ ಡೇರಿಯಸ್ ವೆಲ್ಸ್. 1827ರಲ್ಲಿ ಮರ ಕೊರೆಯುವ ರೌಟರ್ ಮಾಡಿದ, ಮರುವರ್ಷ ಅಕ್ಷರಗಳ ಕ್ಯಾಟಲಾಗ್ ತಂದ. 1834ರಲ್ಲಿ ಲೆವೆನ್‌ವರ್ತ್ ಅನ್ನುವವನು ಅದಕ್ಕೆ ಪ್ಯಾಂಟೋಗ್ರಾಫ್ ಸೇರಿಸಿದ. ದೊಡ್ಡ ಮಾದರಿ ಅಕ್ಷರದ ಅಂಚಿನಲ್ಲಿ ಒಂದು ಮುಳ್ಳು ಓಡಿಸಿದರೆ, ಈ ಕಡೆ ಬಿಟ್ ಅದೇ ಆಕಾರವನ್ನು ಚಿಕ್ಕದಾಗಿ ಕೊರೆಯುತ್ತದೆ. ಸೀಸದಲ್ಲಿ ದೊಡ್ಡ ಅಕ್ಷರ ಎರಕ ಹೊಯ್ದರೆ ತೂಕ ಜಾಸ್ತಿ, ದುಡ್ಡೂ ಜಾಸ್ತಿ. ಮೇಲಾಗಿ ಆರುವಾಗ ಮುಖ ತಗ್ಗು ಬೀಳುತ್ತದೆ. ಅದಕ್ಕೇ ಪೋಸ್ಟರಿಗೆ ಮರ. ಇದು ನಿಮಗೆ ಗೊತ್ತಿರುವುದೇ.

ನಿಮಗೆ ಹೇಳಲೇಬೇಕಾದ್ದು ಹ್ಯಾಮಿಲ್ಟನ್ ಶುರುವಾದ ಕತೆ. 1880ರಲ್ಲಿ ಆ ಊರಿನ ಪತ್ರಿಕೆಯ ಸಂಪಾದಕನಿಗೆ ಒಂದು ಪೋಸ್ಟರಿಗೆ ಅರ್ಜೆಂಟಾಗಿ ದೊಡ್ಡ ಅಕ್ಷರ ಬೇಕಾಯಿತಂತೆ. ದೂರದಿಂದ ತರಿಸುವಷ್ಟು ಟೈಮಿಲ್ಲ. ಊರಿನಲ್ಲೇ ಮರದ ಕೆಲಸ ಗೊತ್ತಿದ್ದ ಹ್ಯಾಮಿಲ್ಟನ್ ಅನ್ನುವವನನ್ನು ಕೇಳಿದ. ಅವನು ಕಾಲಲ್ಲಿ ತುಳಿಯುವ ಗರಗಸದಲ್ಲಿ ಹಾಲಿ ಅನ್ನುವ ಮರದ ತೆಳು ಹಲಗೆ ಕತ್ತರಿಸಿ, ಮರದ ತುಂಡಿನ ಮೇಲೆ ಅಂಟಿಸಿ ಕೊಟ್ಟ. ಅದೇ ಮುಂದೆ ದೊಡ್ಡ ಕಾರ್ಖಾನೆಯಾಯಿತು.

ಓದುತ್ತಾ ಓದುತ್ತಾ ನನಗೆ ನೀವೇ ಕಣ್ಣ ಮುಂದೆ ಬಂದಿರಿ. ನಾನು ಹುಟ್ಟುವುದಕ್ಕೆ ಮುಂಚೆ ನೀವೂ ಇದನ್ನೇ ಮಾಡಿದ್ದಿರಿ ಅಲ್ವಾ? ಜಾತ್ರೆ ಪೋಸ್ಟರಿಗೆ ದೊಡ್ಡ ಕನ್ನಡ ಅಕ್ಷರ ಬೇಕು ಅಂತ ಸಾಲಗಾಮೆ ರಸ್ತೆಯ ಆಚಾರ್ರ ಹತ್ತಿರ ಹೋಗಿದ್ದಿರಿ. ಬಾಗಿಲು, ಕಿಟಕಿ, ತೊಟ್ಟಿಲು ಮಾಡುವವರ ಕೈಗೆ ಅಕ್ಷರದ ನಕ್ಷೆ ಕೊಟ್ಟಿರಿ. ಇಂಗ್ಲಿಷಿನವರಿಗೆ ದೊಡ್ಡಕ್ಷರ ಇಪ್ಪತ್ತಾರು ಮಾಡಿಕೊಂಡರೆ ಮುಗಿಯಿತು. ನಮಗೆ ಕಾಗುಣಿತ ಬೇಕು, ಒತ್ತು ಬೇಕು. ಅಷ್ಟನ್ನೂ ಕೆತ್ತಿಸಲು ದುಡ್ಡಿಲ್ಲ. ಅದಕ್ಕೆ ಮೊದಲು ಪದಗಳ ಪಟ್ಟಿ ಮಾಡಿದಿರಿ. ಹಾಸನ, ಜಾತ್ರೆ, ನಾಟಕ, ರಥೋತ್ಸವ, ಇಂದೇ ನೋಡಿರಿ. ಆ ಪದಗಳಿಗೆ ಬೇಕಾದಷ್ಟು ಅಕ್ಷರ ಮಾತ್ರ. "ತ್ರೆ" ಒಂದೇ ತುಂಡು. ಬೇರೆ ಒತ್ತುಗಳು ಬಿಡಿಬಿಡಿ, ಸಾಲಿನ ಕೆಳಗೆ ತೆಳು ಪಟ್ಟಿ ಕೊಟ್ಟು ಕೂರಿಸುವ ಹಾಗೆ. ಚಿಕ್ಕವಳಾಗಿದ್ದಾಗ ಅವುಗಳಲ್ಲೇ ಮನೆ ಕಟ್ಟಿ ಆಡುತ್ತಿದ್ದೆ. ಅದರ ಹಿಂದಿನ ಯೋಚನೆ ಎಷ್ಟು ದೊಡ್ಡದು ಅಂತ ಈಗ, ಒಂದೊಂದೇ ಅಕ್ಷರ ಕೆತ್ತುವಾಗ ಅರ್ಥವಾಗುತ್ತಿದೆ.

ಆ ಪೆಟ್ಟಿಗೆಯಲ್ಲಿ ಒಂದು "ಸ" ಇದೆ. ಅಡಿಯ ದಪ್ಪ ಗೆರೆಯನ್ನು ಸೀಳಿಕೊಂಡು ನೆಟ್ಟಗೆ ಕೆಳಗಿಳಿದ ಗೀರು. ಅಚ್ಚಾದಾಗ ಅಲ್ಲಿ ಶಾಯಿ ಹತ್ತದೆ ಬಿಳಿ ಎಳೆ ಬೀಳುತ್ತಿತ್ತು. ಹಾಸನ ಅಂತ ಅಚ್ಚಾದ ಪೋಸ್ಟರಿನಲ್ಲೆಲ್ಲಾ ಅದು ಇದ್ದೇ ಇರುತ್ತಿತ್ತು. ಶಾಲೆಯಲ್ಲಿ ಸ್ಲೇಟಿನ ಮೇಲೆ "ಸ" ಬರೆದು ನಾನೂ ಅಲ್ಲೊಂದು ಗೆರೆ ಎಳೆಯುತ್ತಿದ್ದೆ. ಅಕ್ಷರ ಇರುವುದೇ ಹಾಗೆ ಅಂದುಕೊಂಡಿದ್ದೆ. "ಆಚಾರ್ರು ಗಮನ ಕೊಡಲಿಲ್ಲ, ಕೈ ಜಾರಿಸಿಬಿಟ್ರು" ಅಂತ ನೀವು ಹೇಳುತ್ತಿದ್ದಿರಿ. ಆ ಒಂದು ಅಕ್ಷರದ ಕೂಲಿ ಕೊಡಲಿಲ್ಲ ಅಂತಲೂ ಹೇಳಿದ್ದಿರಿ.

ಅದರ ಬಗ್ಗೆಯೇ ನಾನು ಈಗ ಹೇಳಬೇಕು.

ಇಲ್ಲಿ ಅಕ್ಷರಕ್ಕೆ ಮೇಪಲ್ ಮರ ಬಳಸುತ್ತಾರೆ. ಹಲಗೆ ಸೀಳುವ ಹಾಗೆ ಉದ್ದಕ್ಕೆ ಸೀಳುವುದಿಲ್ಲ. ಸೌತೆಕಾಯಿ ಹೆಚ್ಚಿದ ಹಾಗೆ ದಿಮ್ಮಿಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆ ಕೊಯ್ದು, ಬಹಳ ಕಾಲ ಒಣಗಿಸುತ್ತಾರೆ. ಆ ಅಡ್ಡ ಕೊಯ್ದ ಮುಖದ ಮೇಲೆ ಅಕ್ಷರ. ಯಾಕೆ ಗೊತ್ತಾ? ಕಡ್ಡಿಪೊರಕೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ನೋಡಿದರೆ ಬರೀ ಕಡ್ಡಿಗಳ ತುದಿ ಕಾಣುತ್ತವಲ್ಲ, ಮರದ ನಾರುಗಳೂ ಅಲ್ಲಿ ಹಾಗೇ ನಿಂತಿರುತ್ತವೆ. ಚಾಕುವನ್ನು ಯಾವ ಕಡೆ ತಿರುಗಿಸಿದರೂ ಒಂದೇ ಥರ ಹೋಗುತ್ತದೆ. ಅದೇ ಪೊರಕೆಯನ್ನು ನೆಲಕ್ಕೆ ಮಲಗಿಸಿ. ಕಡ್ಡಿಗಳಿಗೆ ಅಡ್ಡವಾಗಿ ಚಾಕು ಎಳೆದರೆ ತಡೆಯುತ್ತದೆ, ಉದ್ದಕ್ಕೆ ಎಳೆದರೆ ಎರಡು ಕಡ್ಡಿಯ ನಡುವೆ ಸರ್ರನೆ ಓಡಿಬಿಡುತ್ತದೆ. ಹಲಗೆ ಅಂದರೆ ಮಲಗಿಸಿದ ಪೊರಕೆ.

ಅಮೆರಿಕಕ್ಕೆ ಬರುವಾಗ ನಮ್ಮ ಪ್ರೆಸ್ಸಿನ ಜಾತ್ರೆ ಪೋಸ್ಟರ್ ಒಂದನ್ನು ಸೂಟ್‌ಕೇಸಿನ ತಳಕ್ಕೆ ಹಾಸಿಕೊಂಡು ಬಂದಿದ್ದೆ. ಅದನ್ನು ಗುರುಗಳಿಗೆ ತೋರಿಸಿದೆ. ಅವರು ಏನೂ ಮಾತಾಡದೆ ಭೂತಗನ್ನಡಿ ತೆಗೆದು ಕೈಗೆ ಕೊಟ್ಟರು. ನೋಡಿದೆ. ಅಕ್ಷರಗಳ ಕಪ್ಪಿನೊಳಗೆ ಕೂದಲೆಳೆಯಂಥ ಗೆರೆಗಳು, ಎಲ್ಲವೂ ಮೇಲಿಂದ ಕೆಳಕ್ಕೆ. ಮರದ ನಾರು ಕಾಗದದ ಮೇಲೆ ಅಚ್ಚಾಗಿದೆ! ಆ ಗೀರೂ ಅವಕ್ಕೆ ಸರಿಸಮವಾಗಿ, ಒಂದಿಷ್ಟೂ ಓರೆಯಿಲ್ಲದೆ ಇಳಿದಿದೆ. ಆಚಾರ್ರು ಕೆತ್ತಿದ್ದು ಹಲಗೆಯ ಮೇಲೆ. ಕೈ ಜಾರಿದ್ದರೆ ಗೀರು ಕೈ ಹೋದ ಕಡೆ, ಓರೆಯಾಗಿ ಇಲ್ಲ ಬಾಗಿ ಬೀಳಬೇಕಿತ್ತು. ಇದು ನಾರಿನ ದಾರಿ ಹಿಡಿದು ಹೋಗಿದೆ.

ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಒಂದು ಹಲಗೆ ತುಂಡು ತಗೊಂಡು ಅದೇ ಅಳತೆಯ "ಸ" ಕೆತ್ತಲು ಕೂತೆ. ಇಲ್ಲಿ ಮರದ ಅಕ್ಷರವನ್ನು ಲೈನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಲೈನ್ ಅಂದರೆ ಒಂದು ಪೈಕಾ, ಹನ್ನೆರಡು ಪಾಯಿಂಟ್. ಆರು ಲೈನ್ ಸೇರಿದರೆ ಸುಮಾರು ಒಂದು ಅಂಗುಲ. ನಮ್ಮದು ಹನ್ನೆರಡು ಲೈನ್ ಇರಬೇಕು. ಪೋಸ್ಟರಿನಿಂದ ಟ್ರೇಸ್ ಮಾಡಿ, ಕಾಗದ ಮಗುಚಿ, ಕಾರ್ಬನ್ ಇಟ್ಟು ಮರದ ಮೇಲೆ ಇಳಿಸಿದೆ. ಅಂಚಿನ ಗುಂಟ ಚಾಕು ಹಾಕುವಾಗ ಅಲಗಿನ ತುದಿ ಸ್ವಲ್ಪ ಹೊರಕ್ಕೆ ಹೋಗುವ ಹಾಗೆ ವಾಲಿಸಬೇಕು. ಆಗ ಅಕ್ಷರದ ಬುಡ ಅಗಲವಾಗಿ, ಗೋಡೆಗೆ ಒತ್ತು ಕೊಟ್ಟ ಹಾಗಿರುತ್ತದೆ. ತುದಿ ಒಳಕ್ಕೆ ಹೋದರೆ ಬುಡ ಟೊಳ್ಳಾಗಿ, ಪ್ರೆಸ್ ಒತ್ತಿದಾಗ ಅಂಚು ಮುರಿಯುತ್ತದೆ. ನನ್ನ ಮೊದಲ "ಹ"ದ ತಲೆಕಟ್ಟು ಹಾಗೇ ಹೋಯಿತು. ಆಮೇಲೆ ಉಳಿಯಿಂದ ಸುತ್ತಲಿನ ಮರ ತೆಗೆಯುವುದು. ಖಾಲಿ ಜಾಗ ದೊಡ್ಡದಿದ್ದಷ್ಟೂ ಆಳ ಜಾಸ್ತಿ ಬೇಕು, ಇಲ್ಲದಿದ್ದರೆ ರೋಲರ್ ಅಲ್ಲಿಗೂ ಇಳಿದು ಶಾಯಿ ಮೆತ್ತುತ್ತದೆ.

"ಸ"ದ ಒಳಗಿನ ಅಂಚಿನಲ್ಲಿ ಬಲಗಡೆಯಿಂದ ಕೆಳಕ್ಕೆ ಬರುತ್ತಿದ್ದೆ. ಚಾಕು ಮೆತ್ತಗೆ, ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ನಾರಿನ ಜೊತೆಗೇ ಹೋಗುತ್ತಿತ್ತಲ್ಲ, ಅದಕ್ಕೆ. ಅಡಿಯಲ್ಲಿ ಎಡಕ್ಕೆ ತಿರುಗಬೇಕು. ತಿರುಗಿಸಿದೆ. ಕೈ ತಿರುಗಿತು, ಚಾಕು ತಿರುಗಲಿಲ್ಲ. ಟಕ್ ಅಂತ ಸಣ್ಣ ಸದ್ದು. ಅಡಿಯ ಗೆರೆಯನ್ನು ಸೀಳಿಕೊಂಡು ನೆಟ್ಟಗೆ ಇಳಿದಿತ್ತು.

ಅಪ್ಪಾಜಿ, ಅದೇ ಜಾಗ. ಪೋಸ್ಟರ್ ಪಕ್ಕದಲ್ಲಿಟ್ಟು ನೋಡಿದೆ. ಒಂದು ನೂಲು ಆಚೀಚೆ ಇರಬಹುದು ಅಷ್ಟೆ. ನನಗೆ ಅಳು ಬಂತು. ನಾನು ಒಂದೇ ಒಂದು ಅಕ್ಷರಕ್ಕೆ ಎರಡು ಶನಿವಾರ ತಗೊಂಡಿದ್ದೆ. ಅವರು ಯಾರಿಂದಲೂ ಕಲಿಯದೆ, ನಕ್ಷೆ ಒಂದನ್ನೇ ನೋಡಿಕೊಂಡು, ಒಂದು ಪೆಟ್ಟಿಗೆ ತುಂಬ ಕೆತ್ತಿ ಕೊಟ್ಟರು. ಅಷ್ಟರಲ್ಲಿ ಕೆಟ್ಟಿದ್ದು ಒಂದು. ಅದೂ ಮರ ಎಳೆದುಕೊಂಡು ಹೋಗಿದ್ದು.

ಇನ್ನೊಂದು ನೆನಪಾಯಿತು. ಇಲ್ಲಿ ಮೊಳೆಯ ಎತ್ತರ 0.918 ಅಂಗುಲ ಇರಲೇಬೇಕು. ಒಂದು ಕಾಗದದಷ್ಟು ತಗ್ಗಿದ್ದರೂ ಅಚ್ಚು ಮಸುಕು. ನೀವು "ಹಾ" ಕೆಳಗೆ ಬೀಡಿಕಟ್ಟಿನ ಕಾಗದ ಮಡಿಸಿ ಅಂಟಿಸುತ್ತಿದ್ದಿರಿ. ಒಂದು ಪದರ, ಪ್ರೂಫ್ ತೆಗೆದು ನೋಡುವುದು, ಮತ್ತೊಂದು ಪದರ. ನಾನು ಅದನ್ನೇ ಇಲ್ಲಿ ಮಾಡಿದೆ. "ಇದನ್ನು ಎಲ್ಲಿ ಕಲಿತೆ" ಅಂತ ಗುರುಗಳು ಕೇಳಿದರು. ನಮ್ಮಪ್ಪನ ಹತ್ತಿರ ಅಂದೆ.

ಕೊನೆಗೆ ಅಕ್ಷರಕ್ಕೆ ಅರಗಿನ ಪಾಲಿಶ್ ಕೊಡುತ್ತಾರೆ, ಶಾಯಿ ಹೀರದ ಹಾಗೆ. ಚನ್ನಪಟ್ಟಣದ ಬೊಂಬೆಗೆ ಹಾಕುವ ಅರಗೇ ಅದು. ಮುಚ್ಚಳ ತೆಗೆದಾಗ ಆ ವಾಸನೆ ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ.

ಹಲ್ಮಿಡಿಗೆ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದಿರಿ. ಕ್ರಿ.ಶ. 450ರ ಸುಮಾರಿನ ಶಾಸನ, ನಮ್ಮ ಜಿಲ್ಲೆಯದೇ, ನೋಡು ಅಂದಿರಿ. ಅಲ್ಲಿರುವುದು ಪ್ರತಿ ಅಂತ ಆಗ ನನಗೆ ಬೇಜಾರಾಗಿತ್ತು. ಈಗ ಆ ಅಕ್ಷರಗಳ ಬಗ್ಗೆ ಬೇರೆ ಥರ ಯೋಚನೆ ಬರುತ್ತದೆ. ಕಲ್ಲಿನಲ್ಲಿ ಅಕ್ಷರವನ್ನೇ ಕೊರೆಯುತ್ತಾರೆ, ಕಲ್ಲು ಹಾಗೇ ಉಳಿಯುತ್ತದೆ. ಮರದಲ್ಲಿ ಅಕ್ಷರ ಬಿಟ್ಟು ಮಿಕ್ಕಿದ್ದನ್ನೆಲ್ಲ ತೆಗೆಯಬೇಕು. ಅದೂ ತಿರುಗುಮುರುಗಾಗಿ. ಆಚಾರ್ರು ಎಷ್ಟು ದಿನ ಕನ್ನಡಿ ಇಟ್ಟುಕೊಂಡು ಕೂತಿದ್ದರೋ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒಣಗಿದ ಜಾಗದಲ್ಲಿಡಿ. ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ. ನೀರಿನಲ್ಲಿ ತೊಳೆಯುವುದು ಬೇಡ ಅಂತ ಅಮ್ಮನಿಗೆ ಖಂಡಿತ ಹೇಳಿ, ಮರ ಉಬ್ಬಿದರೆ ಮತ್ತೆ ಸರಿಯಾಗುವುದಿಲ್ಲ. ಬಟ್ಟೆಗೆ ಒಂಚೂರು ಸೀಮೆಎಣ್ಣೆ ಹಾಕಿ ಒರೆಸಿದರೆ ಸಾಕು. ಆಮೇಲೆ ಒಂದೊಂದು ಅಕ್ಷರದ ಮೇಲೂ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ನನಗೆ ಕಳಿಸಿ. ನಾನು ಚಿಕ್ಕವಳಿದ್ದಾಗ ನಾಕಾಣೆ ಉಜ್ಜುತ್ತಿದ್ದೆನಲ್ಲ, ಹಾಗೆ. ಪಟ್ಟಿಯಲ್ಲಿ ಇಲ್ಲದ ಅಕ್ಷರಗಳನ್ನು, ಅಂದರೆ ಆವತ್ತು ದುಡ್ಡಿಲ್ಲ ಅಂತ ಬಿಟ್ಟವನ್ನು, ಅದೇ ಕೈಬರಹದಲ್ಲಿ ನಾನು ಕೆತ್ತುತ್ತೇನೆ. "ಳ"ದಿಂದ ಶುರು ಮಾಡಬೇಕು ಅಂತಿದ್ದೇನೆ. ನಿಮಗೆ ಯಾವುದು ಜಾಸ್ತಿ ಬೇಕಾಗಿತ್ತು ಅಂತ ಬರೆಯಿರಿ.

ಆಚಾರ್ರು ತೀರಿಕೊಂಡರು ಅಂತ ಗೊತ್ತು. ಅವರ ಮಗ ಅದೇ ಜಾಗದಲ್ಲಿ ಕೆಲಸ ಮಾಡುತ್ತಾರೆ ಅಂತ ಅಮ್ಮ ಹೇಳಿದಳು. ಆ "ಸ"ವನ್ನು ಜೇಬಿನಲ್ಲಿಟ್ಟುಕೊಂಡು ಒಂದು ಸಂಜೆ ಹೋಗಿ ಬನ್ನಿ ಅಪ್ಪಾಜಿ. ನಾನು ಬರೆದದ್ದನ್ನು ಅವರಿಗೂ ಓದಿ ಹೇಳಿ. ಆ ಕೂಲಿಯನ್ನೂ ಕೊಟ್ಟುಬಿಡಿ. ಹಾಗೇ ಅದು ಯಾವ ಮರ ಅಂತ ಕೇಳಿ. ಚನ್ನಪಟ್ಟಣದ ಬೊಂಬೆ ಮಾಡುವ ಆಲೆಮರ ಇರಬಹುದು ಅಂತ ನನ್ನ ಊಹೆ, ಆದರೆ ಕೈಯಲ್ಲಿ ಹಿಡಿದು ನೋಡಿದರೆ ಅವರಿಗೆ ತಿಳಿಯುತ್ತದೆ.

ಇಂತಿ ನಿಮ್ಮ ಮಗಳು,
ಪುಟ್ಟಿ