ಫ್ರಿಜ್ಜಿನಲ್ಲಿರುವ ಆ ಬಾಟಲಿಗಳ ಬಗ್ಗೆ

ಮ್ಯಾಂಚೆಸ್ಟರ್

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ಪುಟ್ಟನ ಹಿಮೋಫಿಲಿಯಾಗೆ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರಕ್ತಸ್ರಾವ ತಡೆಯುವ ಎಮಿಸಿಜುಮ್ಯಾಬ್ ಇಂಜೆಕ್ಷನ್ ಶುರುವಾದ ಮೇಲೆ ಅವನ ಮೊಣಕಾಲು ಒಂದು ಸಲವೂ ಊದಿಲ್ಲ ಅಂತ ನೀನು ಹೇಳಿದಾಗ ಕಣ್ಣು ತುಂಬಿ ಬಂತು. ಆದರೆ ಕೊನೆಗೆ ಇನ್ನೊಂದು ಮಾತಂದೆ: "ಹಳೇ ಫೈಬಾ ಬಾಟಲಿ ಫ್ರಿಜ್ಜಲ್ಲೇ ಅದಾವು, ಬಿದ್ದು ಪೆಟ್ಟು ಮಾಡ್ಕೊಂಡ್ರೆ ಅದನ್ನೇ ಹಾಕಿಸ್ತೀವಿ." ಫೈಬಾ ರಕ್ತ ಹೆಪ್ಪುಗಟ್ಟಿಸುವ ಔಷಧಿ, ಈಗಿನ ಇಂಜೆಕ್ಷನ್ ಮೇಲೆ ಅದನ್ನು ಹಾಕಿಸುವುದು ಅಪಾಯ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಮನೆಯಲ್ಲಿ ರಕ್ತ ನಿಲ್ಲದಿದ್ದರೆ ಅಂತ ಹೆದರಿದ್ದೇವೆ, ಹೆಪ್ಪುಗಟ್ಟಿದರೆ ಅಂತ ಯಾವತ್ತೂ ಹೆದರಿಲ್ಲ. ಹಲ್ಲು ಕೀಳಿಸಿಕೊಂಡ ಸೋದರಮಾವನ ದಿಂಬಿನ ಬಟ್ಟೆಯನ್ನು ಅವ್ವ ಮೂರು ದಿನ ಒಗೆದದ್ದು ನಿನಗೂ ನೆನಪಿರಬೇಕು. ಔಷಧಿ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೇದು ಅನ್ನೋ ನಂಬಿಕೆ ಅಲ್ಲಿಂದಲೇ ಬಂದದ್ದು.

ಪುಟ್ಟನಿಗೆ ಇಲ್ಲದಿರುವುದು ಫ್ಯಾಕ್ಟರ್ 8, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್‌ಗಳಲ್ಲಿ ಒಂದು. ಅದನ್ನು ಕೊಟ್ಟರೆ ಅದರ ವಿರುದ್ಧ ಅವನ ದೇಹವೇ ತಯಾರಿಸುವ ಪ್ರತಿಕಾಯ, ಅಂದರೆ ಇನ್‌ಹಿಬಿಟರ್ ಹಾಳುಮಾಡುತ್ತಿತ್ತು, ಅದಕ್ಕೇ ಫೈಬಾ ಕೊಡುತ್ತಿದ್ದರು. ಅದರಲ್ಲಿ 2, 7, 9, 10 ನಾಲ್ಕೂ ಫ್ಯಾಕ್ಟರ್‌ಗಳಿವೆ. ಈಗ ಎಮಿಸಿಜುಮ್ಯಾಬ್ 9 ಮತ್ತು 10ನ್ನು ಜೋಡಿಸಿ, 8 ಮಾಡಬೇಕಾದ ಕೆಲಸವನ್ನು ತಾನೇ ಮಾಡುತ್ತಿದೆ. ಅದರ ಮೇಲೆ ಮತ್ತೆ 9, 10 ಸುರಿದರೆ ಗಾಯವೇ ಇಲ್ಲದ ರಕ್ತನಾಳದಲ್ಲೂ ಹೆಪ್ಪು ಕಟ್ಟಬಹುದು. ಈ ಇಂಜೆಕ್ಷನ್ ಬಗ್ಗೆ 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆದದ್ದು ಇದೇ. ದಿನಕ್ಕೆ ಕೆ.ಜಿ.ಗೆ 100 ಯೂನಿಟ್ ಮೀರಿ, ಒಂದು ದಿನಕ್ಕಿಂತ ಹೆಚ್ಚು ಕಾಲ ಫೈಬಾ ತೆಗೆದುಕೊಂಡ ಕೆಲವರಿಗೆ ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿ ಕಿಡ್ನಿಗೆ ಪೆಟ್ಟಾಯಿತು. ಪುಟ್ಟನ 22 ಕೆ.ಜಿ.ಗೆ ಲೆಕ್ಕ ಹಾಕಿದರೆ ಆ ಗಡಿ 2200 ಯೂನಿಟ್. ಮೊದಲಿನಂತೆ ಎರಡು ಹೊತ್ತು ಹಾಕಿಸಿದರೆ ಸಲೀಸಾಗಿ ದಾಟಿಬಿಡುತ್ತದೆ ಅಕ್ಕ.

ಪೆಟ್ಟಾದರೆ ಮೊದಲು ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಗೆ ಫೋನ್ ಮಾಡಿ. ಔಷಧಿ ಬೇಕೇ ಬೇಕು ಅಂದರೆ ಸಾಮಾನ್ಯವಾಗಿ ನೋವೋಸೆವೆನ್ (ಫ್ಯಾಕ್ಟರ್ 7 ಮಾತ್ರ ಇರುವ ಔಷಧಿ) ಆರಿಸುತ್ತಾರೆ. ಫೈಬಾ ಬಿಟ್ಟು ಬೇರೆ ದಾರಿ ಇಲ್ಲದಿದ್ದರೂ ಮೊದಲ ಡೋಸ್ ಕೆ.ಜಿ.ಗೆ 50 ಯೂನಿಟ್ ದಾಟಬಾರದು, ಅದೂ ಆಸ್ಪತ್ರೆಯಲ್ಲೇ. ಗುರುತಿಲ್ಲದ ಡಾಕ್ಟರ್ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) ಮಾಡಿಸಿ "ನಾರ್ಮಲ್ ಇದೆ" ಅಂದರೆ ನಂಬಬೇಡಿ, ಈ ಇಂಜೆಕ್ಷನ್ ಇರುವಾಗ ಆ ಪರೀಕ್ಷೆ ಸರಿಯಾಗಿ ಹೇಳುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿದರೂ ಆರು ತಿಂಗಳವರೆಗೆ ಇದೇ ಎಚ್ಚರಿಕೆ ಬೇಕು.

ಕಾಲು ಊತ, ಎದೆನೋವು, ಉಸಿರುಗಟ್ಟುವುದು, ಜೋರು ತಲೆನೋವು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ.

ಭಾವನವರಿಗೂ ಈ ಕಾಗದ ಓದಿಸು. ಪುಟ್ಟನ ಶಾಲೆಯ ಬ್ಯಾಗಿನಲ್ಲಿ "ಎಮಿಸಿಜುಮ್ಯಾಬ್ ತೆಗೆದುಕೊಳ್ಳುತ್ತಿದ್ದಾನೆ" ಅಂತ ಒಂದು ಚೀಟಿ ಬರೆದಿಡು. ಆ ಬಾಟಲಿಗಳನ್ನು ನಾಳೆಯೇ ತೆಗೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಟ್ಟು ಬಾ. ಕೊಟ್ಟ ಮೇಲೆ ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ಇಂತಿ,
ನಿನ್ನ ತಂಗಿ