ಗೆಳೆಯನಿಗೊಂದು ಪತ್ರ: ಸ್ಟಬ್ ನಿಬ್ಬು ಕೊಳ್ಳುವ ಮುಂಚೆ ಸ್ಕೇಲು ಹಿಡಿ

ಪ್ರಿಯ ಗೆಳೆಯಾ,

ದಿನವೂ ಬರೆಯಲು ಒಂದು ಸ್ಟಬ್ ಅಥವಾ ಇಟಾಲಿಕ್ ನಿಬ್ಬಿನ, ಅಂದರೆ ತುದಿ ಚಪ್ಪಟೆಯಾದ ನಿಬ್ಬಿನ, ಇಂಕ್ ಪೆನ್ನು ಬೇಕು, ಜೇಬಿಗೆ ಭಾರವಾಗಬಾರದು, ಯಾವುದು ಕೊಳ್ಳಲಿ ಎಂದು ಕೇಳಿದ್ದೀಯ. ಪೆನ್ನಿನ ಹೆಸರು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ನೋಟ್‌ಬುಕ್ಕಿನಲ್ಲಿ ಅವಸರದಿಂದ ಗೀಚಿದ ಒಂದು ಪುಟ ಹುಡುಕು. ಅಂದವಾಗಿ ಬರೆದ ಪುಟ ಬೇಡ, ಅದು ಸುಳ್ಳು ಹೇಳುತ್ತದೆ. ಒತ್ತು, ಕೊಂಬು, ಗುಡಿಸು ಯಾವುದೂ ಇಲ್ಲದ ಹತ್ತು ಅಕ್ಷರಗಳ ಎತ್ತರ ಅಳೆ. ಸರಾಸರಿ ತೆಗೆದು ಐದರಿಂದ ಭಾಗಿಸು. ಬರುವ ಸಂಖ್ಯೆಯೇ ನಿನಗೆ ಬೇಕಾದ ನಿಬ್ಬಿನ ಅಗಲ, ಮಿಲಿಮೀಟರಿನಲ್ಲಿ.

ಐದರ ಲೆಕ್ಕ ಬಂದಿರುವುದು ಇಟಾಲಿಕ್ ಕೈಬರಹದಿಂದ. ಸಣ್ಣಕ್ಷರದ ಎತ್ತರ ಐದು ನಿಬ್ಬಗಲ ಇರಲಿ ಎಂಬುದು ಅಲ್ಲಿನ ರೂಢಿ. ಈ ಲೆಕ್ಕದಲ್ಲಿ 1.1 ಮಿ.ಮೀ. ನಿಬ್ಬಿಗೆ 5.5 ಮಿ.ಮೀ. ಎತ್ತರದ ಅಕ್ಷರ ಬೇಕು. ಗೆರೆ ಹಾಕಿದ ಪುಸ್ತಕಗಳಲ್ಲಿ ಎರಡು ಗೆರೆಗಳ ನಡುವೆ ಇರುವುದೇ 7-8 ಮಿ.ಮೀ. ಆ ಜಾಗದಲ್ಲಿ ಸಾಮಾನ್ಯ ಕೈಬರಹದ ಅಕ್ಷರ 3 ಮಿ.ಮೀ. ಆಸುಪಾಸು ನಿಲ್ಲುತ್ತದೆ. ಅಂದರೆ ಬೇಕಾದದ್ದು 0.6. ಆದರೆ ಕಡಿಮೆ ಬೆಲೆಯ ಪೆನ್ನುಗಳಲ್ಲಿ ‘ಸ್ಟಬ್’ ಎಂದು ಸುಲಭವಾಗಿ ಸಿಗುವುದು 1.1. ಕೊಂಡವರಲ್ಲಿ ಅನೇಕರು ತಿಂಗಳೊಳಗೆ ಅದನ್ನು ಡ್ರಾಯರಿಗೆ ಹಾಕುವುದು ಇದೇ ಕಾರಣಕ್ಕೆ. ಪೆನ್ನು ಕೆಟ್ಟದ್ದಲ್ಲ, ಅಳತೆ ತಪ್ಪಿದೆ.

ಕನ್ನಡಕ್ಕಂತೂ ಈ ಲೆಕ್ಕ ಇನ್ನೂ ಬಿಗಿ. ನಮ್ಮ ಅಕ್ಷರಗಳ ಹೊಟ್ಟೆಯಲ್ಲಿ ಪುಟ್ಟ ಪುಟ್ಟ ಖಾಲಿ ಜಾಗಗಳಿವೆ: ಅ, ಲ, ಣ, ಜ ಅಕ್ಷರಗಳ ಸುರುಳಿ, ಥದೊಳಗಿನ ಚುಕ್ಕೆ, ಷದ ಒಳಗೆರೆ, ಧ-ಭಗಳ ಬುಡದ ಸೀಳು. ಗೆರೆ ದಪ್ಪವಾದಂತೆ ಮೊದಲು ಮುಚ್ಚಿಹೋಗುವುದು ಇವೇ. ದ, ಧ, ಥ ಮೂರನ್ನೂ ಪಕ್ಕಪಕ್ಕ ಬರೆದು ನೋಡು. ಮೂರೂ ಒಂದೇ ಥರ ಕಂಡರೆ ಆ ನಿಬ್ಬು ನಿನ್ನ ಕೈಗೆ ಅಗಲವಾಯಿತು. ಒತ್ತಕ್ಷರದ ಪೇಚು ಬೇರೆ. ಒತ್ತಿನ ಗಾತ್ರ ಮೇಲಿನ ಅಕ್ಷರದ ಅರ್ಧದಷ್ಟು, ಆದರೆ ಬರೆಯುವ ನಿಬ್ಬು ಅದೇ. 3 ಮಿ.ಮೀ. ಅಕ್ಷರದ ಕೆಳಗೆ 1.5 ಮಿ.ಮೀ. ಒತ್ತನ್ನು 1.1ರ ನಿಬ್ಬಿನಲ್ಲಿ ಬರೆದರೆ ಉಳಿಯುವುದು ಮಸಿಯ ಗುಪ್ಪೆ. ‘ರಾಷ್ಟ್ರ’ ಮತ್ತು ‘ಲಕ್ಷ್ಮಿ’, ಈ ಎರಡು ಪದಗಳು ಸಾಕು ಯಾವ ನಿಬ್ಬನ್ನಾದರೂ ಪರೀಕ್ಷಿಸಲು. ಇಂಗ್ಲಿಷ್ ಬರೆಯುವವರು ನಾಲ್ಕು ನಿಬ್ಬಗಲಕ್ಕೂ ಇಳಿದು ಹೇಗೋ ನಿಭಾಯಿಸುತ್ತಾರೆ. ನಮಗೆ ಐದೇ ಕನಿಷ್ಠ, ಆರಾದರೆ ನೆಮ್ಮದಿ.

ಇನ್ನು ಸ್ಟಬ್ಬೋ ಇಟಾಲಿಕ್ಕೋ ಎಂಬ ಪ್ರಶ್ನೆ. ಎರಡರ ತುದಿಯೂ ಚಪ್ಪಟೆ. ಕೆಳಕ್ಕೆಳೆದ ಗೆರೆ ದಪ್ಪ, ಅಡ್ಡಗೆರೆ ತೆಳು. ವ್ಯತ್ಯಾಸ ಇರುವುದು ಮೂಲೆಗಳಲ್ಲಿ. ಇಟಾಲಿಕ್ ನಿಬ್ಬಿನ ಮೂಲೆಗಳು ಉಳಿಯ ಬಾಯಿಯಂತೆ ಚೂಪು; ಸ್ಟಬ್ಬಿನವು ಉಜ್ಜಿ ದುಂಡಗೆ ಮಾಡಿದವು. ಇವೆರಡರ ನಡುವೆ ಕರ್ಸಿವ್ ಇಟಾಲಿಕ್ ಎಂಬುದೊಂದಿದೆ. ಚೂಪು ಮೂಲೆಯಿಂದ ತೆಳುಗೆರೆ ಕೂದಲೆಳೆಯಷ್ಟು ಸಣ್ಣಗೆ ಬರುತ್ತದೆ, ನೋಡಲು ಸೊಗಸು. ಆದರೆ ನಿಬ್ಬನ್ನು ನಮ್ಮತ್ತ ಎಳೆಯುವಾಗ ಸುಮ್ಮನಿರುವ ಮೂಲೆ, ಮುಂದಕ್ಕೆ ತಳ್ಳುವಾಗ ಕಾಗದವನ್ನು ಅಗೆಯುತ್ತದೆ. ಕನ್ನಡದಲ್ಲಿ ಸುತ್ತು ಹೆಚ್ಚು, ಪ್ರತಿ ಸುತ್ತಿನಲ್ಲೂ ಅರ್ಧ ದಾರಿ ಎಳೆತ, ಅರ್ಧ ದಾರಿ ತಳ್ಳುವಿಕೆ. ಹಾಗಾಗಿ ವೇಗದ ಬರಹಕ್ಕೆ ಚೂಪು ಇಟಾಲಿಕ್ ಬೇಡವೇ ಬೇಡ. ಸ್ಟಬ್ ಆಗಲಿ, ಇಲ್ಲವೇ ಕರ್ಸಿವ್ ಇಟಾಲಿಕ್ ಆಗಲಿ. ಕ್ಯಾಲಿಗ್ರಫಿ ಸೆಟ್ಟುಗಳಲ್ಲಿ ಬರುವ ನಿಬ್ಬುಗಳು ನಿಧಾನವಾಗಿ ಬರೆಯುವವರಿಗೆ ಮಾಡಿದವು. ಅಗ್ಗ ಎಂದು ಅವನ್ನು ದಿನದ ಕೆಲಸಕ್ಕೆ ತರಬೇಡ. (ಆರ್ಕಿಟೆಕ್ಟ್ ನಿಬ್ಬು ಎಂದು ಇನ್ನೊಂದು ಬಗೆ ಇದೆ, ಅದು ತಲೆಕೆಳಗು: ಅಡ್ಡಗೆರೆ ದಪ್ಪ, ಉದ್ದಗೆರೆ ತೆಳು. ತಲೆಕಟ್ಟು ದಪ್ಪಗೆ ಮೂಡುವುದರಿಂದ ಕನ್ನಡಕ್ಕೆ ಮಜವಾಗಿ ಕಾಣುತ್ತದೆ. ಆದರೆ ಮೊದಲ ಪೆನ್ನಿಗೆ ಅದರ ಗೊಡವೆ ಬೇಡ.)

ಈಗ ಹೆಸರುಗಳು. ನಿನ್ನ ಲೆಕ್ಕ 0.5ರಿಂದ 0.7ರ ಒಳಗೆ ಬಂದರೆ ಪೈಲಟ್ ಕಂಪನಿಯ ಕಡೆ ನೋಡು. ಅವರ ‘ಸಿಎಂ’ ಗುರುತಿನ ನಿಬ್ಬು ಸುಮಾರು 0.6 ಮಿ.ಮೀ. ಅಗಲ, ಮೂಲೆಗಳು ಸ್ವಲ್ಪ ಚೂಪು. ಮೆಟ್ರೊಪಾಲಿಟನ್ ಎಂಬ ಲೋಹದ ಪೆನ್ನಿನಲ್ಲಿ ಈ ನಿಬ್ಬು ಸಿಕ್ಕರೆ ಬೇರೆ ಯೋಚನೆ ಬೇಡ. ಸಿಗದಿದ್ದರೆ ಪ್ಲುಮಿಕ್ಸ್ ಎಂಬ ವಿಚಿತ್ರ ಆಕಾರದ ಪ್ಲಾಸ್ಟಿಕ್ ಪೆನ್ನು ಕೊಂಡು ಅದರ ಇಟಾಲಿಕ್ ನಿಬ್ಬನ್ನು ಮೆಟ್ರೊಪಾಲಿಟನ್ನಿಗೋ ಅದೇ ಕಂಪನಿಯ ಕಾಕುನೊ ಪೆನ್ನಿಗೋ ಹಾಕಬಹುದು. ಈ ಪೆನ್ನುಗಳ ನಿಬ್ಬು ಪರಸ್ಪರ ಕೂರುತ್ತವೆ. ತೆಗೆಯುವಾಗ ನಿಬ್ಬನ್ನೂ ಅದರ ಕೆಳಗಿನ ನಾಲಿಗೆಯನ್ನೂ, ಅಂದರೆ ಫೀಡನ್ನು, ಒಟ್ಟಿಗೆ ಬಟ್ಟೆಯಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ತಿರುಚಿದರೆ ನಾಲಿಗೆಯ ಹಲ್ಲುಗಳು ಮುರಿಯುತ್ತವೆ. ಒಂದು ಎಚ್ಚರ: ಮೆಟ್ರೊಪಾಲಿಟನ್ನಿನ ಯುರೋಪ್ ಆವೃತ್ತಿ ಎಂಆರ್ ಎಂಬ ಹೆಸರಿನಲ್ಲಿ ಬರುತ್ತದೆ, ಅದಕ್ಕೆ ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್ ಕಾರ್ಟ್ರಿಜ್ (ಇಂಕು ತುಂಬಿ ಬರುವ ಕೊಳವೆ) ಬೇಕು. ಉಳಿದ ಕಡೆಯದಕ್ಕೆ ಪೈಲಟ್‌ನದೇ ಆಗಬೇಕು. ಕನ್ವರ್ಟರ್ (ಬಾಟಲಿಯಿಂದ ಇಂಕು ಹೀರಿಕೊಳ್ಳುವ ಕೊಳವೆ) ಕೊಳ್ಳುವ ಮುಂಚೆ ಯಾವುದೆಂದು ನೋಡಿಕೊ.

ಲೆಕ್ಕ ಒಂದರ ಹತ್ತಿರ ಬಂದರೆ, ಎಂದರೆ ನೀನು ಗೆರೆಯಿಲ್ಲದ ಹಾಳೆಯಲ್ಲಿ ಗುಂಡಗೆ, ದೊಡ್ಡದಾಗಿ ಬರೆಯುವವನಾದರೆ, ಎರಡು ದಾರಿಗಳಿವೆ. ಲಾಮಿ ಸಫಾರಿ 1980ರಿಂದ ಇರುವ ಪೆನ್ನು. ಅದಕ್ಕೆ 1.1, 1.5, 1.9ರ ನಿಬ್ಬುಗಳು ಬಿಡಿಯಾಗಿ ಸಿಗುತ್ತವೆ. ನಿಬ್ಬಿನ ಮೇಲೆ ಅಂಟುಪಟ್ಟಿ ಒತ್ತಿ ಮುಂದಕ್ಕೆ ಎಳೆದರೆ ಜಾರಿ ಬರುತ್ತದೆ, ನಾಲಿಗೆ ಅಲ್ಲೇ ಉಳಿಯುತ್ತದೆ. ಅಳತೆ ತಪ್ಪಿದರೆ ಪೆನ್ನೇ ಬದಲಿಸಬೇಕಾಗಿಲ್ಲ, ನಿಬ್ಬು ಬದಲಿಸಿದರಾಯಿತು. ಹಿಡಿಯುವ ಜಾಗ ತ್ರಿಕೋನಾಕಾರ. ಕೆಲವರಿಗೆ ಅದು ಕಿರಿಕಿರಿ, ಆದರೆ ಸ್ಟಬ್ ಕಲಿಯುವವನಿಗೆ ಅದೇ ಮೇಷ್ಟ್ರು. ಯಾಕೆಂದು ಮುಂದೆ ಹೇಳುತ್ತೇನೆ. ಇನ್ನೊಂದು ಟ್ವಿಸ್ಬಿ ಇಕೊ. 1.1ರ ಸ್ಟಬ್, ಮೂಲೆ ನುಣುಪು, ಮೈಯೆಲ್ಲ ಇಂಕಿನ ತೊಟ್ಟಿ. ಒಂದೂವರೆ ಮಿಲಿಲೀಟರಿಗೂ ಹೆಚ್ಚು ಹಿಡಿಯುತ್ತದೆ. ಸ್ಟಬ್ಬಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಅಗಲ ನಿಬ್ಬು ಇಂಕನ್ನು ನೀರಿನಂತೆ ಕುಡಿಯುತ್ತದೆ. ಪೈಲಟ್‌ನ ಕಾನ್-40 ಕನ್ವರ್ಟರ್ ಹಿಡಿಯುವುದು ಸುಮಾರು 0.4 ಮಿ.ಲೀ. ಮಾತ್ರ, ಹೆಚ್ಚು ಬರೆಯುವ ದಿನ ಮಧ್ಯಾಹ್ನಕ್ಕೇ ಬರಿದಾಗಬಹುದು. ಇಕೊದಲ್ಲಿ ಕಾರ್ಟ್ರಿಜ್ ಹಾಕಲು ಬರುವುದಿಲ್ಲ, ಬಾಟಲಿಯಿಂದಲೇ ತುಂಬಬೇಕು.

ನನ್ನ ಮಾತು ಕೇಳುವುದಾದರೆ, ನಿನ್ನ ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಿದ್ದರೆ 1.1 ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡ.

ಹಿಡಿಯುವ ರೀತಿಗೆ ಬರೋಣ. ಮಾಮೂಲಿ ನಿಬ್ಬಿನ ತುದಿ ಗುಂಡು, ಬೆರಳಲ್ಲಿ ಹೇಗೆ ಉರುಳಿದರೂ ಬರೆಯುತ್ತದೆ. ಸ್ಟಬ್ಬಿಗೆ ಎರಡು ಮೂಲೆಗಳೂ ಒಟ್ಟಿಗೆ ಕಾಗದ ಮುಟ್ಟಬೇಕು. ಪೆನ್ನು ಒಂಚೂರು ಉರುಳಿದರೆ ಒಂದು ಮೂಲೆ ಮೇಲೇಳುತ್ತದೆ, ಇಂಕು ಹರಿದು ಬರುವ ನಿಬ್ಬಿನ ನಡುವಿನ ಸೀಳು ಕಾಗದದಿಂದ ದೂರವಾಗುತ್ತದೆ, ಇಂಕು ನಿಲ್ಲುತ್ತದೆ. ‘ಈ ಪೆನ್ನು ತಪ್ಪಿ ತಪ್ಪಿ ಬರೆಯುತ್ತದೆ’ ಎಂಬ ದೂರುಗಳಲ್ಲಿ ಬಹುಪಾಲು ಇದೇ. ಪತ್ತೆ ಸುಲಭ. ಕೆಳಕ್ಕೆಳೆದ ದಪ್ಪ ಗೆರೆಯ ಬಲ ಅಂಚು ಹರಿದಂತೆ ಕಂಡರೆ ಬಲ ಮೂಲೆ ಎದ್ದಿದೆ, ಎಡ ಅಂಚು ಹರಿದರೆ ಎಡ ಮೂಲೆ. ಅದಕ್ಕೇ ತ್ರಿಕೋನದ ಹಿಡಿಕೆ ಮೇಷ್ಟ್ರು ಎಂದದ್ದು, ಅದು ಪೆನ್ನನ್ನು ಉರುಳಲು ಬಿಡುವುದಿಲ್ಲ. ಇನ್ನು, ಒತ್ತಿ ಬರೆಯಬೇಡ. ಉಕ್ಕಿನ ಸ್ಟಬ್ಬನ್ನು ಒತ್ತಿದರೆ ಗೆರೆ ಅಗಲವಾಗುವುದಿಲ್ಲ; ಸೀಳಿನ ಎರಡು ಬದಿಯ ಕವಲುಗಳು ಬಾಯಿಬಿಟ್ಟು ಗೆರೆಯ ನಡುವೆ ಬಿಳಿ ದಾರಿ ಮೂಡುತ್ತದೆ, ಅಷ್ಟೆ.

ಹೊಸ ಪೆನ್ನು ಬಂದ ದಿನವೇ ಇಂಕು ತುಂಬಬೇಡ. ಕಾರ್ಖಾನೆಯ ಎಣ್ಣೆ ಪಸೆ ನಾಲಿಗೆಯಲ್ಲಿ ಉಳಿದಿರುತ್ತದೆ. ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಹಾಕಿ ಐದಾರು ಸಲ ಹೀರಿಸಿ ಚೆಲ್ಲು, ಆಮೇಲೆ ಬರಿ ನೀರಿನಲ್ಲಿ ಅಷ್ಟೇ ಸಲ. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಇಂಕು ತುಂಬಿ, ಕೈ ಹಗುರ ಬಿಟ್ಟು ಹತ್ತು ಉದ್ದಗೆರೆ, ಹತ್ತು ಅಡ್ಡಗೆರೆ, ಒಂದು ಸಾಲು ಎಂಟುಗಳನ್ನು ಎಳೆ.

ಹಗುರ ಕೈಯಲ್ಲಿ ಮೊದಲ ಗೆರೆ ಮೂಡದೆ, ಒತ್ತಿದರೆ ಮಾತ್ರ ಮೂಡಿದರೆ ಎರಡು ಕಾರಣಗಳಿರಬಹುದು. 10 ಪಟ್ಟಿನ ಭೂತಗನ್ನಡಿಯಲ್ಲಿ ತುದಿ ನೋಡು. ಸೀಳು ತುದಿಯಲ್ಲಿ ಅಂಟಿಕೊಂಡಿದ್ದರೆ 0.05 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆಯನ್ನು ಸೀಳಿನೊಳಗೆ ನಾಲ್ಕೈದು ಸಲ ಆಡಿಸಿದರೆ ಬಿಡಿಸಿಕೊಳ್ಳುತ್ತದೆ. ಸೀಳಿನ ಒಳ ಅಂಚುಗಳು ವಿಪರೀತ ದುಂಡಾಗಿದ್ದರೆ ಇಂಕು ಕಾಗದದವರೆಗೆ ಬರುವುದೇ ಇಲ್ಲ. ತುದಿಯನ್ನು ಉಜ್ಜಿಯೇ ಸರಿಮಾಡಬೇಕು, ನುಣುಪು ಹೆಚ್ಚಿಸಿದಷ್ಟೂ ಈ ಕಾಯಿಲೆ ಉಲ್ಬಣಿಸುತ್ತದೆ. ಅಂಥ ನಿಬ್ಬನ್ನು ವಾಪಸು ಕೊಡುವುದೇ ಜಾಣತನ. ಕೆರೆತವಿದ್ದರೆ ಯಾವ ದಿಕ್ಕಿಗೆ ಎಂದು ಗಮನಿಸು. ಕೆಳಗಿಳಿದ ಕವಲಿನ ಒಳ ಅಂಚು ಎದುರಾದಾಗ ಮಾತ್ರ ಕೆರೆಯುತ್ತದೆ; ಬಲಕ್ಕೆ ಎಳೆದಾಗ ಕೆರೆದರೆ ಎಡಗವಲು ಕೆಳಗಿದೆ. ಉಗುರಿನಿಂದ ಅದನ್ನು ಮೇಲಕ್ಕೆ ಎತ್ತಿ ಎರಡು ಸೆಕೆಂಡ್ ಹಿಡಿದು ಬಿಡು, ಬರೆದು ನೋಡು, ಮತ್ತೆ ಬೇಕಾದರೆ ಮತ್ತೆ. ಒಂದೇ ಸಲಕ್ಕೆ ಸರಿಮಾಡಲು ಹೋದರೆ ಇನ್ನೊಂದು ಕಡೆಗೆ ಬಾಗುತ್ತದೆ. 1.1 ಅಗಲವಾಯಿತೆಂದು ಮರಳು ಕಾಗದದಲ್ಲಿ ಬದಿ ಉಜ್ಜಿ ಸಣ್ಣದು ಮಾಡುವ ಐಡಿಯಾ ಬಂದರೆ ಅದನ್ನೂ ಬಿಡು. ಎರಡೂ ಬದಿ ಸಮನಾಗಿ ಸವೆಯದಿದ್ದರೆ ಸೀಳು ನಡುಮಧ್ಯದಿಂದ ಸರಿಯುತ್ತದೆ, ಇಂಕು ಒಂದೇ ಕವಲಿಗೆ ಹರಿಯುತ್ತದೆ.

ಇಂಕಿನ ವಿಷಯದಲ್ಲಿ ನೆನಪಿಡಬೇಕಾದದ್ದು ಹರಿವು. ತುಂಬ ಹರಿಯುವ ಇಂಕು ತೆಳುಗೆರೆಯನ್ನೂ ದಪ್ಪ ಮಾಡುತ್ತದೆ, ಆಗ ಸ್ಟಬ್ ಕೊಂಡ ಪುರುಷಾರ್ಥವೇ ಹೋಯಿತು. 0.6ರ ನಿಬ್ಬಿಗೆ ಪೆಲಿಕಾನ್ 4001ರಂಥ ಬಿಗಿ ಇಂಕು ಒಪ್ಪುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಅದೇ ಇಂಕು 1.1ರಲ್ಲಿ ಆಗಾಗ ಬತ್ತಿದಂತಾಗಬಹುದು, ಅಲ್ಲಿ ವಾಟರ್‌ಮನ್ ಅಥವಾ ಇರೊಶಿಜುಕು ವಾಸಿ. ಮಿನುಗುಪುಡಿಯ ಇಂಕುಗಳು ನಾಲಿಗೆಯ ಸಂದಿಯಲ್ಲಿ ಕೂರುತ್ತವೆ. ಇಂಡಿಯನ್ ಇಂಕನ್ನಂತೂ ಹಾಕಲೇಬೇಡ, ಅದರಲ್ಲಿರುವ ಅರಗು ಒಣಗಿದರೆ ಪೆನ್ನು ಮತ್ತೆ ಏಳುವುದಿಲ್ಲ.

ಕಾಗದ ದಪ್ಪವಿದ್ದರೆ ಸಾಕು ಎಂದುಕೊಳ್ಳಬೇಡ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಪ್ರಿಂಟರ್ ಹಾಳೆಯಲ್ಲಿ ಇಂಕು ಬೇರುಬಿಟ್ಟಂತೆ ಹರಡಬಹುದು, ಟೊಮೊಯೆ ರಿವರ್ ಎಂಬ 52 ಜಿಎಸ್‌ಎಂ ಹಾಳೆಯಲ್ಲಿ ಹರಡುವುದಿಲ್ಲ. ಮೇಲ್ಮೈಯ ಲೇಪ ಮುಖ್ಯ. ಆದರೆ ಹರಡದ ಹಾಳೆಯಲ್ಲಿ ಒಣಗುವುದು ನಿಧಾನ, ಅಗಲ ನಿಬ್ಬಿನ ಬರಹವಂತೂ ಅಂಗೈಗೆ ಮೆತ್ತಿಕೊಳ್ಳುತ್ತದೆ. ಪಕ್ಕದಲ್ಲೊಂದು ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಇಟ್ಟುಕೊ.

ಅಳೆದ ಹತ್ತು ಅಕ್ಷರಗಳ ಲೆಕ್ಕ ಎಷ್ಟು ಬಂತೆಂದು ಬರೆ. ಜೊತೆಗೆ ಈಗಿರುವ ಪೆನ್ನಿನಲ್ಲೇ ‘ರಾಷ್ಟ್ರ’ ಎಂದು ಮೂರು ಸಲ ಬರೆದು, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ಕಳಿಸು. 0.7 ಮತ್ತು 0.9ರ ನಡುವೆ ಬಂದರೆ ಮಾತ್ರ ಇನ್ನೊಂದು ಸುತ್ತು ಮಾತಾಡಬೇಕಾಗುತ್ತದೆ.

ನಿನ್ನ ಗೆಳೆಯ